ಬಣ್ಣದ ಪೊಟ್ಟಣ ಹೊರಟ ಜಾಗಕ್ಕೆ ಹೋಗಿ: ರಾಜ್ಯ ಆಹಾರ ಸುರಕ್ಷತಾ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ರಾಜ್ಯ ಆಹಾರ ಸುರಕ್ಷತಾ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸಿದ್ಧ ಆಹಾರದಲ್ಲಿ ಕೃತಕ ಬಣ್ಣದ ಬಳಕೆ, ಮಾದರಿ ಸಂಗ್ರಹ, ಪ್ರಯೋಗಾಲಯದ ವರದಿ ಹಾಗೂ ಪೂರೈಕೆದಾರರ ಮೇಲಿನ ಕ್ರಮದ ಬಗ್ಗೆ.

ಮಾನ್ಯರೇ,

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ಬಣ್ಣ ಹಾಕಿದ ಕಾಟನ್ ಕ್ಯಾಂಡಿಯ ಮಾರಾಟವನ್ನೂ ನಿಷೇಧಿಸಿತು. ಗೋಬಿಯ 171 ಮಾದರಿಗಳಲ್ಲಿ 107, ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಆಗ ಪ್ರಕಟಿಸಲಾಯಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ನ ಸರದಿ ಬಂತು: 39 ಮಾದರಿಗಳಲ್ಲಿ 8 ಅಸುರಕ್ಷಿತ, ಮತ್ತೊಂದು ನಿಷೇಧ. ಆಮೇಲೆ ಪಾನಿಪುರಿ, ಕೇಕ್, 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಹಾಸುವ ಪ್ಲಾಸ್ಟಿಕ್ ಹಾಳೆ. ಈ ಕ್ರಮಗಳನ್ನು ನಾವು ಮನಸಾರೆ ಸ್ವಾಗತಿಸಿದ್ದೆವು. ಮಕ್ಕಳು ದಿನವೂ ತಿನ್ನುವ ಪದಾರ್ಥದ ಬಗ್ಗೆ ಸರ್ಕಾರ ಬಾಯಿ ಬಿಟ್ಟು ಮಾತಾಡಿದ್ದೇ ದೊಡ್ಡ ಸಂಗತಿಯಾಗಿತ್ತು.

ಆದರೆ ಇಂದು ಸಂಜೆ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ನಿಂತು ನೋಡಿ. ಬ್ಯಾಡಗಿ ಮೆಣಸಿನಕಾಯಿಯಿಂದ ಎಂದೂ ಬಾರದ ಕೆಂಪು ಬಾಣಲೆಯ ಪಕ್ಕದ ತಟ್ಟೆಯಲ್ಲಿ ಮತ್ತೆ ಕಾಣಿಸುತ್ತದೆ. ಆ ಕೆಂಪಿನ ಪುಡಿ ಅಲ್ಲಿಂದ ನೂರು ಹೆಜ್ಜೆಯಾಚೆಯ ದಿನಸಿ ಅಂಗಡಿಯಲ್ಲಿ ಸಣ್ಣ ಪೊಟ್ಟಣಗಳಲ್ಲಿ ತೂಗಾಡುತ್ತಿರುತ್ತದೆ. ದಾಳಿ ನಡೆದದ್ದು ತಟ್ಟೆಯ ಮೇಲೆ. ಪೊಟ್ಟಣ ಇದ್ದಲ್ಲೇ ಉಳಿಯಿತು. ಕಾನೂನಿನಲ್ಲಿ ತಮಗಿರುವ ಅಧಿಕಾರ ಆ ಪೊಟ್ಟಣದವರೆಗೂ, ಅದು ತಯಾರಾದ ಜಾಗದವರೆಗೂ ಹೋಗುತ್ತದೆ. ಅಲ್ಲಿಯವರೆಗೆ ಹೋಗಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ.

ಮೊದಲು ನಿಯಮದ ಮಾತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದ್ದು. 2011ರ ಆಗಸ್ಟ್ 5ರಂದು ಜಾರಿಗೆ ಬಂದು 1954ರ ಕಲಬೆರಕೆ ತಡೆ ಕಾಯ್ದೆಯ ಜಾಗ ತುಂಬಿತು. ಅದರ ಅಡಿಯ ನಿಯಮಾವಳಿಯಲ್ಲಿ ಸಂಯೋಜಕಗಳಿಗೆ, ಅಂದರೆ ಆಹಾರಕ್ಕೆ ಬೆರೆಸುವ ಬಣ್ಣ, ಸಂರಕ್ಷಕದಂಥ ವಸ್ತುಗಳಿಗೆ, ಇರುವುದು ಅನುಮತಿಯ ಪಟ್ಟಿ. ಯಾವ ವರ್ಗದ ಆಹಾರಕ್ಕೆ ಯಾವ ಬಣ್ಣ, ಎಷ್ಟು ಪ್ರಮಾಣ ಎಂದು ಬರೆದಿದ್ದರೆ ಮಾತ್ರ ಹಾಕಬಹುದು, ಬರೆದಿಲ್ಲದಿದ್ದರೆ ಹಾಕುವಂತಿಲ್ಲ. ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಕೃತಕ ಬಣ್ಣಗಳು ಎಂಟು. ಕೆಂಪಿಗೆ ಪಾನ್ಸೋ 4ಆರ್, ಕಾರ್ಮೋಯಿಸಿನ್, ಎರಿಥ್ರೋಸಿನ್. ಹಳದಿಗೆ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಇಂಡಿಗೋ ಕಾರ್ಮಿನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಒಪ್ಪಿಗೆ ಇರುವ ಬಹುಪಾಲು ತಿನಿಸುಗಳಲ್ಲಿ ಇವುಗಳ ಮಿತಿ ಕಿಲೋಗೆ 100 ಮಿಲಿಗ್ರಾಂ, ಅಂದರೆ 100 ಪಿಪಿಎಂ. ಒಲೆಯಿಂದಿಳಿಸಿ ಬಡಿಸುವ ಸಿದ್ಧ ಆಹಾರಕ್ಕೆ ಈ ಎಂಟರಲ್ಲಿ ಒಂದಕ್ಕೂ ಒಪ್ಪಿಗೆ ಇಲ್ಲ.

ಅಂದಮೇಲೆ ಗೋಬಿಗೆ ಬಣ್ಣ ಹಾಕುವುದು 2024ರ ಮಾರ್ಚ್‌ಗೂ ಮೊದಲೇ ತಪ್ಪಾಗಿತ್ತು. ಕಬಾಬ್‌ಗೂ ಅಷ್ಟೇ, ಬಿರಿಯಾನಿಗೂ ಅಷ್ಟೇ. ಒಂದೊಂದೇ ತಿನಿಸಿನ ಹೆಸರು ಹಿಡಿದು ಆದೇಶ ಹೊರಡಿಸುವ ಪದ್ಧತಿ ಜನರಲ್ಲಿ ತಪ್ಪು ತಿಳಿವಳಿಕೆ ಬಿತ್ತುತ್ತದೆ. ಹೆಸರು ಬಂದದ್ದು ಮಾತ್ರ ನಿಷಿದ್ಧ, ಬಾರದ್ದಕ್ಕೆ ಅಡ್ಡಿಯಿಲ್ಲ ಎಂದೇ ಗಾಡಿಯವರೂ ಗಿರಾಕಿಗಳೂ ಅಂದುಕೊಂಡಿದ್ದಾರೆ. ಸೆಕ್ಷನ್ 30ರ ಅಡಿ ತಾವು ಹೊರಡಿಸಬಹುದಾದ ನಿಷೇಧದ ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ನಿಯಮಾವಳಿಯ ಅನುಮತಿ ಪಟ್ಟಿಗೆ ಅಂಥ ಗಡುವಿಲ್ಲ. ಆದ್ದರಿಂದ ‘ಹೋಟೆಲು, ಗಾಡಿ, ಕ್ಯಾಟರಿಂಗ್, ಯಾವ ಅಡುಗೆಗೂ ಕೃತಕ ಬಣ್ಣ ಇಲ್ಲ’ ಎಂಬ ಒಂದೇ ಒಂದು ಸ್ಪಷ್ಟ ಸುತ್ತೋಲೆಯನ್ನು ನಿಯಮಾವಳಿಯನ್ನೇ ಆಧಾರವಾಗಿಟ್ಟು ಕನ್ನಡದಲ್ಲಿ ಹೊರಡಿಸಬೇಕು. ಪ್ರತಿ ನೋಂದಣಿ ಪತ್ರದ ಜೊತೆ ಅದರ ಪ್ರತಿ ಹೋಗಬೇಕು.

ಇನ್ನು ಗೋಬಿಯನ್ನೂ ಕ್ಯಾಂಡಿಯನ್ನೂ ಒಂದೇ ಪ್ರಕಟಣೆಯಲ್ಲಿ ಸೇರಿಸಿದಾಗ ಮುಖ್ಯವಾದ ವ್ಯತ್ಯಾಸವೊಂದು ಮರೆಯಾಯಿತು. ಗೋಬಿಯಲ್ಲಿ ಸಿಕ್ಕಿದ್ದು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್. ಇವು ಬೇರೆ ತಿನಿಸಿಗೆ ಒಪ್ಪಿಗೆ ಇರುವ ಬಣ್ಣಗಳು, ದಿನಸಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತವೆ. ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಹಾಗಲ್ಲ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಯಾವ ತಿನಿಸಿಗೂ ಯಾವ ಪ್ರಮಾಣದಲ್ಲೂ ಒಪ್ಪಿಗೆ ಇಲ್ಲ. ಅದು ಬರುವುದು ಬಣ್ಣದ ಸಗಟು ಅಂಗಡಿಯಿಂದ, ಅಗರಬತ್ತಿ ಮತ್ತು ಬಟ್ಟೆಗೆ ಬಣ್ಣ ಕೊಡುವವರ ಸರಕಿನ ನಡುವಿನಿಂದ. ಒಂದು ಕಡೆ ಆಹಾರದ ಬಣ್ಣ ಸಲ್ಲದ ಆಹಾರಕ್ಕೆ ಹೋಗುತ್ತಿದೆ. ಇನ್ನೊಂದು ಕಡೆ ಆಹಾರವೇ ಅಲ್ಲದ ರಾಸಾಯನಿಕ ಆಹಾರದೊಳಕ್ಕೆ ಬರುತ್ತಿದೆ. ಎರಡಕ್ಕೂ ಬೇರೆ ಬೇರೆ ದಾರಿ, ಬೇರೆ ಬೇರೆ ಮಾರುವವರು. ಮೊದಲನೆಯದಕ್ಕೆ ತಮ್ಮ ಅಧಿಕಾರಿಗಳು ಸಾಕು. ಎರಡನೆಯದಕ್ಕೆ ವಾಣಿಜ್ಯ ತೆರಿಗೆ ಇಲಾಖೆಯ ಬಿಲ್ಲುಗಳೂ ಪೊಲೀಸರ ನೆರವೂ ಬೇಕು. ಜಾತ್ರೆ ಜಾತ್ರೆ ಅಲೆದು ಕಡ್ಡಿಗೆ ಸಕ್ಕರೆ ಸುತ್ತುವ ಹುಡುಗನನ್ನು ಹಿಡಿದರೆ ಆ ದಾರಿ ತಿಳಿಯದು. ಅವನಿಗೆ ಬಣ್ಣ ತೂಗಿ ಕೊಟ್ಟವರು ಯಾರೆಂದು ಕೇಳಿ, ಬರೆದುಕೊಂಡು, ಅಲ್ಲಿಗೆ ಹೋಗಬೇಕು.

ಪೊಟ್ಟಣದ ಬಣ್ಣದಲ್ಲಿ ಅಡಗಿರುವ ತೊಂದರೆಯನ್ನು ಲೆಕ್ಕ ಹಾಕಿ ಹೇಳುವುದು ಒಳ್ಳೆಯದು. ಒಂದು ಚಿಟಿಕೆಯನ್ನು ಕಾಲು ಗ್ರಾಂ ಎಂದು ಹಿಡಿಯೋಣ, 250 ಮಿಲಿಗ್ರಾಂ. ಎರಡು ಕಿಲೋ ಹೂಕೋಸು ಮತ್ತು ಹಿಟ್ಟಿಗೆ ಆ ಒಂದು ಚಿಟಿಕೆ ಶುದ್ಧ ಬಣ್ಣ ಬಿದ್ದರೆ 125 ಪಿಪಿಎಂ ಆಯಿತು. ಬಣ್ಣಕ್ಕೆ ಒಪ್ಪಿಗೆ ಇರುವ ಮಿಠಾಯಿಯ ಮಿತಿಯನ್ನೂ ಅದು ಮೀರಿತು. ಆದರೆ ಪೊಟ್ಟಣದಲ್ಲಿರುವುದು ಎಷ್ಟೋ ಸಲ ಶುದ್ಧ ಬಣ್ಣವಲ್ಲ, ಉಪ್ಪಿನಂಥ ಪುಡಿ ಬೆರೆಸಿದ ಮಿಶ್ರಣ. ಒಂದು ತಯಾರಿಕೆಯಲ್ಲಿ ಬಣ್ಣದ ಸತ್ತ್ವ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಒಂದಕ್ಕೆ ಹೊಂದಿಕೊಂಡ ಕೈ ಇನ್ನೊಂದನ್ನೂ ಅಷ್ಟೇ ಹಾಕುತ್ತದೆ. ಅಡುಗೆಯವರ ಬಳಿ ಮಿಲಿಗ್ರಾಂ ತೂಗುವ ತಕ್ಕಡಿ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಬಣ್ಣದ ಪೊಟ್ಟಣದ ಮೇಲೆ ಅದು ಆಹಾರದ ಬಣ್ಣ ಎಂಬ ಸೂಚನೆ, ಬಣ್ಣದ ರಾಸಾಯನಿಕ ಹೆಸರು, ಪ್ರತಿ ಬಣ್ಣವನ್ನು ಗುರುತಿಸುವ ಕಲರ್ ಇಂಡೆಕ್ಸ್ ಸಂಖ್ಯೆ ಇರಬೇಕೆಂಬ ನಿಯಮವಿದೆ. ಬಿಡಿಯಾಗಿ ಮಡಚಿ ಕೊಡುವ ಪೊಟ್ಟಣದ ಮೇಲೆ ಇದಾವುದೂ ಇರುವುದಿಲ್ಲ. ಇದ್ದರೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರುತ್ತದೆ. ಕೇಂದ್ರದ ಲೇಬಲ್ ನಿಯಮ ಕಡ್ಡಾಯ ಮಾಡಿರುವುದು ಆ ಎರಡರಲ್ಲಿ ಒಂದನ್ನು. ಕನ್ನಡವನ್ನು ಬೇಕಾದರೆ ಜೊತೆಗೆ ಸೇರಿಸಬಹುದು, ಅಷ್ಟೇ. ಕನ್ನಡ ಮಾತ್ರ ಓದಬಲ್ಲ ಹೆಣ್ಣುಮಗಳೊಬ್ಬಳು ಗಾಡಿ ನಡೆಸುತ್ತಿದ್ದರೆ ಆ ಪೊಟ್ಟಣದ ಎಚ್ಚರಿಕೆ ಯಾರಿಗಾಗಿ ಬರೆದದ್ದು? ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರೆಲ್ಲ ಕೇಂದ್ರ ಸಲಹಾ ಸಮಿತಿಯ ಪದನಿಮಿತ್ತ ಸದಸ್ಯರು. ಕನಿಷ್ಠ ಆಹಾರ ಬಣ್ಣ ಹಾಗೂ ಸಂಯೋಜಕಗಳ ಪೊಟ್ಟಣಗಳ ಮೇಲಾದರೂ ಮಾರಾಟವಾಗುವ ರಾಜ್ಯದ ಭಾಷೆ ಕಡ್ಡಾಯವಾಗಬೇಕು ಎಂಬ ಮಾತನ್ನು ಕರ್ನಾಟಕದ ಪರವಾಗಿ ತಾವು ಅಲ್ಲಿ ಎತ್ತಬೇಕು.

ಶಿಕ್ಷೆಯ ವಿಷಯದಲ್ಲಿ ಜನರಿಗೆ ತಲುಪಿದ ಮಾಹಿತಿ ಅರ್ಧ. ನಿಷೇಧದ ಸುದ್ದಿಯ ಜೊತೆಗೆ ಏಳು ವರ್ಷದಿಂದ ಜೀವಾವಧಿವರೆಗೆ ಸೆರೆ, 10 ಲಕ್ಷ ರೂಪಾಯಿ ದಂಡ ಎಂದು ಎಲ್ಲ ಕಡೆ ಪ್ರಚಾರವಾಯಿತು. ಸೆಕ್ಷನ್ 59ರಲ್ಲಿ ಆ ಶಿಕ್ಷೆ ಇರುವುದು ಅಸುರಕ್ಷಿತ ಆಹಾರ ತಿಂದು ಸಾವು ಸಂಭವಿಸಿದಾಗ. ತಿಂದವರಿಗೆ ತಕ್ಷಣದ ಹಾನಿ ಆಗದಿದ್ದರೆ, ಬಣ್ಣದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ಹೀಗೆಯೇ, 2023ರ ಜನ ವಿಶ್ವಾಸ ತಿದ್ದುಪಡಿಯ ನಂತರ ಇರುವುದು ಹೆಚ್ಚೆಂದರೆ ಮೂರು ತಿಂಗಳ ಸೆರೆ ಮತ್ತು 3 ಲಕ್ಷ ರೂಪಾಯಿವರೆಗೆ ದಂಡ. ಜೀವಾವಧಿಯ ಬೆದರಿಕೆ ಕೇಳಿ ಮೊದಲ ವಾರ ಗಾಡಿಯವರು ನಡುಗಿದರು. ಯಾರಿಗೂ ಏನೂ ಆಗಲಿಲ್ಲ ಎಂಬುದು ತಿಂಗಳೊಪ್ಪತ್ತಿನಲ್ಲಿ ಗೊತ್ತಾಯಿತು. ಆಗದ ಶಿಕ್ಷೆಯನ್ನು ಸಾರುವುದಕ್ಕಿಂತ ಆಗುವ ಶಿಕ್ಷೆಯನ್ನು ಸರಿಯಾಗಿ ಹೇಳಿ, ಅದನ್ನು ತಪ್ಪದೆ ಜಾರಿ ಮಾಡುವುದು ಎಷ್ಟೋ ಮೇಲು.

ತಪ್ಪದೆ ಜಾರಿಯಾಗದಿರುವುದು ಏಕೆ ಎಂಬುದಕ್ಕೆ ಉತ್ತರ ಮಾದರಿ ತೆಗೆಯುವ ಕ್ರಮದಲ್ಲಿದೆ. ಈ ಭಾಗವನ್ನು ತಾವು ದಯವಿಟ್ಟು ನಿಧಾನವಾಗಿ ಓದಬೇಕು. ಸಾರ್ವಜನಿಕರೂ ಓದಬೇಕು, ಏಕೆಂದರೆ ಇದರ ಬಗ್ಗೆ ಅವರಿಗೆ ಯಾರೂ ಹೇಳುವುದೇ ಇಲ್ಲ.

ಮಾದರಿಯಲ್ಲಿ ಎರಡು ಬಗೆ. ಸಮೀಕ್ಷಾ ಮಾದರಿ ಎಂದರೆ ಪರಿಸ್ಥಿತಿ ತಿಳಿಯಲು ತೆಗೆಯುವುದು. ಅದು ಒಂದೇ ಭಾಗ, ಮಾರುವವರಿಗೆ ನೋಟಿಸ್ ಬೇಕಿಲ್ಲ. ಕಾನೂನು ಮಾದರಿ ಸೆಕ್ಷನ್ 47ರಂತೆ ತೆಗೆಯುವುದು. ಆಹಾರ ಸುರಕ್ಷತಾ ಅಧಿಕಾರಿ ನಮೂನೆ 5ಎ ನೋಟಿಸ್ ಕೊಟ್ಟು, ಸಾಕ್ಷಿಗಳ ಎದುರು, ಮಾರುವ ಬೆಲೆಯನ್ನೇ ಕೊಟ್ಟು ಪದಾರ್ಥ ಕೊಳ್ಳಬೇಕು. ಅದನ್ನು ನಾಲ್ಕು ಭಾಗ ಮಾಡಬೇಕು. ಪ್ರತಿ ಭಾಗವನ್ನೂ ಒಣಗಿದ ಶುಚಿಯಾದ ಪಾತ್ರೆಗೆ ಹಾಕಿ, ಬಿರಡೆ ಬಿಗಿದು, ದಪ್ಪ ಕಾಗದದಲ್ಲಿ ಸುತ್ತಿ ತುದಿಗಳನ್ನು ಅಂಟಿಸಬೇಕು. ಅಂಕಿತಾಧಿಕಾರಿಯ (ಆಹಾರ ಸುರಕ್ಷತಾ ಅಧಿಕಾರಿಯ ಮೇಲಿನ ಡೆಸಿಗ್ನೇಟೆಡ್ ಆಫೀಸರ್) ಸಹಿ ಮತ್ತು ಸಂಕೇತ ಸಂಖ್ಯೆ ಇರುವ ಚೀಟಿಯನ್ನು ಬುಡದಿಂದ ಮೇಲಿನವರೆಗೆ ಸುತ್ತ ಅಂಟಿಸಿ, ಮಾರಾಟಗಾರರ ಸಹಿ ಅರ್ಧ ಚೀಟಿಯ ಮೇಲೂ ಅರ್ಧ ಕಾಗದದ ಮೇಲೂ ಬೀಳುವಂತೆ ಹಾಕಿಸಬೇಕು. ಹುರಿ ಕಟ್ಟಿ ಕನಿಷ್ಠ ನಾಲ್ಕು ಅರಗಿನ ಮುದ್ರೆ: ಮೇಲೊಂದು, ಕೆಳಗೊಂದು, ಮೈಗೆರಡು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ ಬಳಿಗೆ, ಮಾರಾಟಗಾರರು ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ಇಷ್ಟು ಸರಿಯಾಗಿ ಆದರೆ ಮಾತ್ರ ಪ್ರಕರಣ ಹೂಡಬಹುದು. ಮುದ್ರೆ ಒಂದು ಒಡೆದಿದ್ದರೂ, ಚೀಟಿಯ ಸಂಖ್ಯೆ ಜ್ಞಾಪನಾ ಪತ್ರದ ಸಂಖ್ಯೆಗೆ ಹೊಂದದಿದ್ದರೂ ಎದುರು ವಕೀಲರ ಕೆಲಸ ಅಲ್ಲಿಗೇ ಹಗುರವಾಗುತ್ತದೆ.

107 ಎಂಬ ಅಂಕಿ ಪ್ರಕಟವಾದಾಗ ಅದರಲ್ಲಿ ಎಷ್ಟು ಸಮೀಕ್ಷಾ ಮಾದರಿ, ಎಷ್ಟು ಕಾನೂನು ಮಾದರಿ ಎಂಬುದನ್ನು ಜನರ ಮುಂದೆ ಬಿಡಿಸಿ ಇಡಲಿಲ್ಲ. ಸಮೀಕ್ಷಾ ಮಾದರಿ ಅಸುರಕ್ಷಿತ ಎಂದು ಬಂದರೆ ಆ ವರದಿಯನ್ನೇ ಹಿಡಿದು ಮೊಕದ್ದಮೆ ಹೂಡಲು ಬರುವುದಿಲ್ಲ. ಮತ್ತೆ ಹೋಗಿ ಕಾನೂನು ಮಾದರಿ ತೆಗೆಯಬೇಕು. ವರದಿ ಬರುವ ಹೊತ್ತಿಗೆ ಆ ಬಾಣಲೆಯ ಗೋಬಿ ಖಾಲಿಯಾಗಿ ಎಷ್ಟೋ ದಿನವಾಗಿರುತ್ತದೆ. ಎರಡನೆಯ ಭೇಟಿಯ ದಿನ ಗಾಡಿಯವರು ಬಣ್ಣ ಹಾಕಿರುವುದಿಲ್ಲ. ಹೀಗೆ ಅಂಕಿ ದೊಡ್ಡದಾಗುತ್ತದೆ, ಪ್ರಕರಣ ಸಣ್ಣದಾಗುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸಮೀಕ್ಷೆಯಲ್ಲಿ ಅಸುರಕ್ಷಿತ ಎಂದು ಬಂದ ಪ್ರತಿ ಮಾದರಿಗೂ ಇಂತಿಷ್ಟು ದಿನದೊಳಗೆ ಮರುಭೇಟಿ ಆಗಲೇಬೇಕು. ಆ ಮರುಭೇಟಿಯಲ್ಲಿ ತಟ್ಟೆಯ ಮಾದರಿಯ ಜೊತೆ ಆ ಗಾಡಿಗೆ ಬಣ್ಣ, ಸಾಸ್, ಖಾರದ ಪುಡಿ ಕೊಟ್ಟ ಅಂಗಡಿಯಿಂದಲೂ ಕಾನೂನು ಮಾದರಿ ತೆಗೆಯಬೇಕು. ಪೊಟ್ಟಣದ ಪುಡಿ ಗೋಬಿಯಂತೆ ಹಳಸುವುದಿಲ್ಲ. ನಾಲ್ಕು ಭಾಗ ಮಾಡಲು, ಕಾಪಾಡಲು, ಮರುಪರೀಕ್ಷೆ ಮಾಡಲು ಅದಕ್ಕಿಂತ ಸುಲಭದ ಸಾಕ್ಷ್ಯ ಬೇರೆ ಇಲ್ಲ.

ಸಾಸ್ ಮತ್ತು ಪುಡಿ ಎಂದು ಒತ್ತಿ ಹೇಳಲು ಕಾರಣವಿದೆ. ಐದು ಲೀಟರ್ ಕ್ಯಾನಿನ ಕೆಂಪು ಸಾಸ್, ಕೋಳಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಕಬಾಬ್ ಪುಡಿ, ಲೇಬಲ್ ಇಲ್ಲದ ಖಾರದ ಪುಡಿ, ಇವುಗಳಲ್ಲಿ ಬಣ್ಣ ಮೊದಲೇ ಬೆರೆತಿದ್ದರೆ ಅಡುಗೆ ಮಾಡುವವರಿಗೆ ಅದರ ಅರಿವೂ ಇರುವುದಿಲ್ಲ. ಬಣ್ಣ ಎಲ್ಲಿಂದ ಬಂತು ಎಂಬುದು ತಟ್ಟೆಯ ಮಾದರಿಯೊಂದರಿಂದ ಎಂದೂ ತಿಳಿಯದು.

ಪ್ರಯೋಗಾಲಯದಲ್ಲಿ ಬಣ್ಣ ಹಿಡಿಯುವ ವಿಧಾನ ಹಳೆಯದು, ನಂಬಿಕೆಗೆ ಅರ್ಹವಾದದ್ದು. ಕರಿದ ತಿನಿಸಾದರೆ ಮೊದಲು ಕೊಬ್ಬು ತೆಗೆಯಬೇಕು, ಇಲ್ಲದಿದ್ದರೆ ಎಣ್ಣೆ ಬಣ್ಣವನ್ನು ಬಿಡುವುದಿಲ್ಲ. ಬಣ್ಣ ಇಳಿದ ನೀರನ್ನು ಹುಳಿಗೊಳಿಸಿ, ಜಿಡ್ಡು ತೆಗೆದ ಬಿಳಿ ಉಣ್ಣೆಯ ಎಳೆ ಹಾಕಿ ಕುದಿಸುತ್ತಾರೆ. ಕೃತಕ ಬಣ್ಣ ಉಣ್ಣೆಗೆ ಹತ್ತುತ್ತದೆ. ಆ ಉಣ್ಣೆಯನ್ನು ತೊಳೆದು ತೆಳು ಅಮೋನಿಯಾದಲ್ಲಿ ಬಿಸಿ ಮಾಡಿದರೆ ಬಣ್ಣ ಬಿಡುತ್ತದೆ. ಮತ್ತೆ ಹುಳಿಗೊಳಿಸಿ ಹೊಸ ಎಳೆ ಹಾಕಿದರೆ ಅದಕ್ಕೂ ಹತ್ತುತ್ತದೆ. ಮೆಣಸಿನಕಾಯಿ, ಅರಿಸಿನದಂಥ ಸಹಜ ಬಣ್ಣಗಳು ಹೀಗೆ ಎರಡನೇ ಸಲ ಹತ್ತಿ ನಿಲ್ಲುವುದಿಲ್ಲ. ಆಮೇಲೆ ಕಾಗದದ ಕ್ರೊಮ್ಯಾಟೋಗ್ರಫಿಯಲ್ಲಿ ಬಣ್ಣಗಳನ್ನು ಬೇರ್ಪಡಿಸಿ, ಗೊತ್ತಿರುವ ಬಣ್ಣದ ಪಕ್ಕ ಇಟ್ಟು ಗುರುತಿಸಿ, ಸ್ಪೆಕ್ಟ್ರೋಫೋಟೋಮೀಟರ್ ಅಥವಾ ಎಚ್‌ಪಿಎಲ್‌ಸಿ ಎಂಬ ಯಂತ್ರಗಳಲ್ಲಿ ಪ್ರಮಾಣ ಅಳೆಯಬೇಕು. ಅತಿನೇರಳೆ ಬೆಳಕಿನ ಕೆಳಗೆ ರೋಡಮೈನ್-ಬಿ ಹೊಳೆಯುವುದರಿಂದ ಅದರ ಸುಳಿವು ಬೇಗ ಸಿಗುತ್ತದೆ. ಇದಾವುದೂ ವಾರಗಟ್ಟಲೆ ಹಿಡಿಯುವ ಕೆಲಸವಲ್ಲ. ಸಮಯ ಹೋಗುವುದು ಮಾದರಿಗಳ ಸರದಿಯಲ್ಲಿ, ರಾಸಾಯನಿಕ ಮತ್ತು ಶುದ್ಧ ಬಣ್ಣದ ಮಾದರಿಗಳ ಕೊರತೆಯಲ್ಲಿ, ಖಾಲಿ ಬಿದ್ದ ಹುದ್ದೆಗಳಲ್ಲಿ.

ಮಾದರಿ ಕೈ ಸೇರಿದ 14 ದಿನದೊಳಗೆ ಆಹಾರ ವಿಶ್ಲೇಷಕರು ವರದಿ ಕೊಡಬೇಕು ಎನ್ನುತ್ತದೆ ಸೆಕ್ಷನ್ 46. ಆಗದಿದ್ದರೆ ಕಾರಣವನ್ನೂ ಇನ್ನೆಷ್ಟು ದಿನ ಬೇಕೆಂಬುದನ್ನೂ ಅಂಕಿತಾಧಿಕಾರಿಗೆ ಮತ್ತು ಆಯುಕ್ತರಾದ ತಮಗೆ ಬರೆದು ತಿಳಿಸಬೇಕು. ಅಂದರೆ ತಡವಾದ ಪ್ರತಿ ಮಾದರಿಯ ಬಗ್ಗೆಯೂ ತಮ್ಮ ಕಚೇರಿಯಲ್ಲೊಂದು ಪತ್ರ ಇರಬೇಕು. ಆ ಪತ್ರಗಳ ಲೆಕ್ಕವನ್ನು ಜಿಲ್ಲಾವಾರು, ತಿಂಗಳಿಗೊಮ್ಮೆ ಪ್ರಕಟಿಸಿ ಎಂದು ಕೋರುತ್ತೇವೆ. ಎಷ್ಟು ಮಾದರಿ ಬಂದವು, 14 ದಿನದೊಳಗೆ ಎಷ್ಟು ಮುಗಿದವು, ಎಷ್ಟು ತಡವಾದವು, ಯಾವ ಕಾರಣಕ್ಕೆ: ಇಷ್ಟು ನಾಲ್ಕು ಸಾಲು ಸಾಕು. ಪ್ರಯೋಗಾಲಯಕ್ಕೆ ಹುದ್ದೆ ಮತ್ತು ಹಣ ಕೇಳುವಾಗ ಹಣಕಾಸು ಇಲಾಖೆಯ ಮುಂದೆ ಇಡಲು ತಮಗೂ ಅದಕ್ಕಿಂತ ಬಲವಾದ ಕಾಗದ ಸಿಗದು.

ಈ ಕಾಗದಪತ್ರದ ಶಿಸ್ತು ಎಷ್ಟು ಮುಖ್ಯ ಎಂಬುದನ್ನು 2015ರ ಮ್ಯಾಗಿ ಪ್ರಕರಣ ದೇಶಕ್ಕೆಲ್ಲ ತೋರಿಸಿದೆ. ಸೀಸದ ಮಿತಿ 2.5 ಪಿಪಿಎಂ ಇರುವಲ್ಲಿ ಒಂದು ವರದಿಯಲ್ಲಿ 17.2 ಬಂದಿತ್ತು. ಜೂನ್ 5ರಂದು ಕೇಂದ್ರ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಎಲ್ಲ ಬಗೆಯ ಮ್ಯಾಗಿ ನೂಡಲ್ಸನ್ನೂ ಹಿಂಪಡೆಯಲು ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಂಪನಿಯ ಅಹವಾಲು ಕೇಳದೆ ನಿರ್ಧರಿಸಿದ್ದು ಒಂದು ಕಾರಣ. ಪರೀಕ್ಷೆ ನಡೆದ ಪ್ರಯೋಗಾಲಯಗಳಿಗೆ ಕಾಯ್ದೆ ಕೇಳುವ ಮಾನ್ಯತೆ ಇರಲಿಲ್ಲ ಎಂಬುದು ಇನ್ನೊಂದು. ನೂಡಲ್ಸ್ ಒಳ್ಳೆಯದಿತ್ತೋ ಕೆಟ್ಟದಿತ್ತೋ ಎಂಬ ಚರ್ಚೆ ಹಿಂದೆ ಸರಿದು, ಪರೀಕ್ಷೆ ಮಾಡಿದವರಿಗೆ ಹಕ್ಕಿತ್ತೇ ಎಂಬ ಪ್ರಶ್ನೆಯೇ ಮುಂದೆ ನಿಂತಿತು. ಪ್ರಯೋಗಾಲಯದ ಮಾನ್ಯತೆ ಎಂದರೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವಷ್ಟೇ ಅಲ್ಲ. ಯಾವ ಪದಾರ್ಥದಲ್ಲಿ, ಯಾವ ಅಂಶವನ್ನು, ಯಾವ ವಿಧಾನದಿಂದ ಪರೀಕ್ಷಿಸಲು ಮಾನ್ಯತೆ ಎಂಬ ಪಟ್ಟಿ ಅದರ ಜೊತೆ ಇರುತ್ತದೆ. ಹಾಲಿನ ಕೊಬ್ಬಿಗೆ ಮಾನ್ಯತೆ ಇರುವ ಕಡೆ ಕಬಾಬ್‌ನ ಕಾರ್ಮೋಯಿಸಿನ್ ಪರೀಕ್ಷಿಸಿದರೆ ಆ ವರದಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ರಾಜ್ಯದ ಪ್ರಯೋಗಾಲಯಗಳ ಮಾನ್ಯತೆಯ ಪಟ್ಟಿಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ. ಇಲ್ಲದ ಪರೀಕ್ಷೆಗಳಿಗೆ ಮಾದರಿಯನ್ನು ಎಲ್ಲಿಗೆ ಕಳಿಸುತ್ತೀರಿ ಎಂಬುದನ್ನೂ ತಿಳಿಸಿ. ಮೈಸೂರಿನ ಸಿಎಫ್‌ಟಿಆರ್‌ಐನಂಥ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಸಂಸ್ಥೆ ನಮ್ಮ ನೆಲದಲ್ಲೇ ಇದೆ. ವಿಶ್ಲೇಷಕರ ತರಬೇತಿಗೆ ದೂರ ಹೋಗಬೇಕಾಗಿಲ್ಲ.

ಇನ್ನು ಬಿಲ್ಲಿನ ಮಾತು. ತಟ್ಟೆಯಿಂದ ಪೊಟ್ಟಣಕ್ಕೆ ಹೋಗುವ ದಾರಿಯನ್ನು ಕಾಯ್ದೆ ಆಗಲೇ ಹಾಕಿಕೊಟ್ಟಿದೆ. ಸೆಕ್ಷನ್ 26ರಂತೆ ಆಹಾರ ಉದ್ಯಮಿಗಳು ಮಾರಾಟಗಾರರಿಗೆ ಪದಾರ್ಥ ಕೊಡುವಾಗ ಅದರ ಗುಣಮಟ್ಟಕ್ಕೆ ಲಿಖಿತ ಖಾತರಿ ಕೊಡಬೇಕು, ಬಿಲ್ಲನ್ನೇ ಖಾತರಿ ಎಂದು ಪರಿಗಣಿಸಲಾಗುತ್ತದೆ. ತಪ್ಪು ಇನ್ನೊಬ್ಬರದು, ತನ್ನ ಕಡೆಯಿಂದ ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸುವವರಿಗೆ ಸೆಕ್ಷನ್ 80 ರಕ್ಷಣೆ ಕೊಡುತ್ತದೆ. ಗಾಡಿಯವರ ಕೈಯಲ್ಲಿ ಬಿಲ್ಲಿದ್ದರೆ ಹೊಣೆ ಮೇಲಕ್ಕೆ ಏರುತ್ತದೆ, ಬಿಲ್ಲಿಲ್ಲದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಸಗಟು ಅಂಗಡಿಯವರು ಬಿಲ್ಲು ಕೊಡದಿರಲು ಇದೂ ಒಂದು ಕಾರಣ ಎಂಬುದು ಮಾರುಕಟ್ಟೆ ಬಲ್ಲ ಎಲ್ಲರಿಗೂ ಗೊತ್ತು. ತಪಾಸಣೆಗೆ ಹೋದ ಅಧಿಕಾರಿ ಮೊದಲು ಕೇಳಬೇಕಾದದ್ದು ನೋಂದಣಿ ಪತ್ರವನ್ನಲ್ಲ, ಬಣ್ಣ, ಸಾಸ್, ಎಣ್ಣೆಯ ಬಿಲ್ಲನ್ನು. ಬಿಲ್ಲು ಇಲ್ಲ ಎಂದರೆ ಅಂಗಡಿಯ ಹೆಸರು ಬರೆದುಕೊಂಡು ಅದೇ ದಿನ ಅಲ್ಲಿಗೆ ಹೋಗಬೇಕು. ಸಣ್ಣ ವ್ಯಾಪಾರಿಗಳ ತಪ್ಪಿಗೆ, ಸೆರೆವಾಸದ ಅಪರಾಧವಲ್ಲದಿದ್ದರೆ, ರಾಜಿ ಮೊತ್ತ ಕಟ್ಟಿಸಿಕೊಂಡು ಮುಗಿಸುವ ಅಧಿಕಾರವನ್ನು ಸೆಕ್ಷನ್ 69ರ ಅಡಿ ಅಂಕಿತಾಧಿಕಾರಿಗೆ ತಾವು ಕೊಡಬಹುದು. ಕೈಕಾಲು ತೊಳೆಯದ, ತಿನಿಸು ಮುಚ್ಚಿಡದ ಸಣ್ಣ ಪ್ರಕರಣಗಳನ್ನು ಅಲ್ಲಿಯೇ ಮುಗಿಸಿದರೆ ಸಿಬ್ಬಂದಿಯ ಸಮಯ ಸಗಟು ವ್ಯಾಪಾರಿಗಳ ಮೇಲಿನ ಪ್ರಕರಣಗಳಿಗೆ ಉಳಿಯುತ್ತದೆ.

ಕರಿಯುವ ಎಣ್ಣೆಗೂ ಇದೇ ಮಾತು ಸಲ್ಲುತ್ತದೆ. ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳು, ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು, ಕರಿದ ಎಣ್ಣೆಯನ್ನು ನೋಂದಾಯಿತ ಸಂಗ್ರಾಹಕರಿಗೇ ಕೊಡಬೇಕು ಎಂಬುದು 2019ರ ಮಾರ್ಚ್‌ನಿಂದ. ಈ ಪುಸ್ತಕವನ್ನು ತೆರೆದು ನೋಡುವವರು ಬೇಕು. ತಿಂಗಳಿಗೆ ಕೊಂಡದ್ದೆಷ್ಟು, ತಿನಿಸಿನೊಳಗೆ ಹೋದದ್ದು ಅಂದಾಜು ಎಷ್ಟು, ಸಂಗ್ರಾಹಕರಿಗೆ ಕೊಟ್ಟದ್ದೆಷ್ಟು ಎಂದು ಕೂಡಿ ಕಳೆದರೆ ಕಾಣೆಯಾದ ಡಬ್ಬಗಳು ಕಾಣುತ್ತವೆ. ದೊಡ್ಡ ಅಡುಗೆಮನೆಯಿಂದ ಕಾಣೆಯಾದ ಎಣ್ಣೆ ಕಡಿಮೆ ಬೆಲೆಗೆ ಗಾಡಿಗೆ ಬರುತ್ತದೆ, ಮತ್ತೆ ಕುದಿಯುತ್ತದೆ. ಗಾಡಿಯ ಬಾಣಲೆಗೆ ಈ ಸಂಯುಕ್ತಗಳನ್ನು ಅಳೆಯುವ ಮೀಟರ್ ಅದ್ದುವುದು ಸರಿ. ಅದಕ್ಕೂ ಮೊದಲು ಆ ಪುಸ್ತಕ ನೋಡಿ.

ಪಾನಿಪುರಿಯಲ್ಲಿ ಬಣ್ಣಕ್ಕಿಂತ ದೊಡ್ಡ ಅಪಾಯ ನೀರಿನದು. ಅಲ್ಲಿ ಪ್ರಯೋಗಾಲಯದ ವರದಿ ಕಾಯುತ್ತ ಕೂರುವುದು ಸರಿಯಾದ ದಾರಿಯಲ್ಲ. ಸೂಕ್ಷ್ಮಜೀವಿ ಪರೀಕ್ಷೆಯ ಮಾದರಿಗೆ ಫಾರ್ಮಲಿನ್‌ನಂಥ ಸಂರಕ್ಷಕ ಹಾಕುವಂತಿಲ್ಲ. ಕ್ರಿಮಿಶುದ್ಧ ಪಾತ್ರೆಯಲ್ಲಿ ಮಂಜುಗಡ್ಡೆಯ ನಡುವೆ ಒಯ್ಯಬೇಕು. ದಾರಿಯಲ್ಲಿ ಬಿಸಿಯಾದರೆ ಜೀವಿಗಳ ಸಂಖ್ಯೆಯೇ ಬದಲಾಗುತ್ತದೆ, ಮರುಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಅದರ ಬದಲು ನೀರು ಎಲ್ಲಿಯದು, ಐಸ್ ಯಾವ ಕಾರ್ಖಾನೆಯದು ಎಂದು ಕೇಳಿ, ಉಳಿಕೆ ಕ್ಲೋರಿನ್ ಅನ್ನು ಸ್ಥಳದಲ್ಲೇ ನೋಡಬಹುದು. ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನೋಡಲು ಎರಡು ನಿಮಿಷ ಸಾಕು, ಅದನ್ನು ಅಳೆಯುವ ಕ್ಲೋರೋಸ್ಕೋಪ್ ಎಂಬ ಸಣ್ಣ ಸಾಧನ ಆರೋಗ್ಯ ಇಲಾಖೆಯ ಸಿಬ್ಬಂದಿಯ ಬಳಿ ಇರುತ್ತದೆ. ಹುಣಸೆ, ನಿಂಬೆ, ಪುದೀನ ಸೇರಿದ ಪಾನಿಯಲ್ಲಿ ಈ ಪರೀಕ್ಷೆ ನಡೆಯದು. ಅದಕ್ಕೆ ಬಳಸುವ ಬರಿಯ ನೀರನ್ನೇ ನೋಡಬೇಕು.

ಇದಕ್ಕೆ ಸೇರಿದ ಇನ್ನೊಂದು ಕೊರತೆ: ಆಹಾರ ತಿಂದು ಕಾಯಿಲೆ ಬಿದ್ದವರ ಮಾಹಿತಿ ಆಸ್ಪತ್ರೆಯಿಂದ ತಮಗೆ ಬರುವುದು ಸುದ್ದಿಯಾದ ಮೇಲೆ. ವೈದ್ಯರು ವಿಷಾಹಾರದ ಪ್ರಕರಣಗಳನ್ನು ವರದಿ ಮಾಡುವಂತೆ ಅಧಿಸೂಚನೆ ಹೊರಡಿಸಲು ಸೆಕ್ಷನ್ 35 ಕೇಂದ್ರ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ. ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಅಂಕಿತಾಧಿಕಾರಿಗೆ ಅದೇ ದಿನ ಮಾಹಿತಿ ಮುಟ್ಟುವ ವ್ಯವಸ್ಥೆಯನ್ನು ನಾವೇ ಮೊದಲು ಮಾಡಿ ತೋರಿಸಬಹುದು. ಎರಡು ಇಲಾಖೆಗಳ ನಡುವೆ ಒಂದು ಆದೇಶ ಸಾಕು.

ಕೊಳ್ಳುವವರ ಹಕ್ಕಿನ ಬಗ್ಗೆಯೂ ಒಂದು ಮಾತು. ಸೆಕ್ಷನ್ 40ರಂತೆ ಯಾರು ಬೇಕಾದರೂ ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವರಿಗೆ ಹಾಗೆಂದು ತಿಳಿಸಿರಬೇಕು. ದೋಷ ಕಂಡುಬಂದರೆ ಶುಲ್ಕ ವಾಪಸ್ ಸಿಗಬೇಕು. ಈ ಹಕ್ಕು ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಮಾದರಿ ಒಪ್ಪಿಸಲು ಊರಿನ ಹತ್ತಿರ ಜಾಗವಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಾರಕ್ಕೊಂದು ದಿನ ಸ್ವೀಕೃತಿ ಕೇಂದ್ರ ತೆರೆದು, ಶುಲ್ಕ ಮತ್ತು ಮಾದರಿಯ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಹಾಕಿದರೆ ತಮಗಿರುವ ಕಣ್ಣುಗಳು ಎಷ್ಟೋ ಪಟ್ಟು ಹೆಚ್ಚುತ್ತವೆ.

ಗಾಡಿಯವರನ್ನು ಅಪರಾಧಿಗಳೆಂದು ನೋಡುವುದು ನಮ್ಮ ಉದ್ದೇಶವಲ್ಲ. ಬಣ್ಣ ಇಲ್ಲದ ಗೋಬಿ ಕಂದಾಗಿ ಕಾಣುತ್ತದೆ, ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ ಎಂಬ ಅವರ ಅಳಲು ನಿಜ. ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ಆ ಅರಪನ್ನು ಹಿಟ್ಟಿಗೆ ಹಾಕದೆ ಕೊನೆಯಲ್ಲಿ ಸಾಸಿನ ಜೊತೆ ಎಣ್ಣೆಯಲ್ಲಿ ಹದ ಉರಿಯಲ್ಲಿ ಬಾಡಿಸಿದರೆ ಒಳ್ಳೆಯ ಕೆಂಪು ನಿಲ್ಲುತ್ತದೆ. ಹಿಟ್ಟಿಗೆ ಹಾಕಿ ಕರಿದರೆ ಕಪ್ಪಾಗುತ್ತದೆ. ಖರ್ಚು ಪೊಟ್ಟಣದ ಬಣ್ಣಕ್ಕಿಂತ ಹೆಚ್ಚು ಎಂಬುದೂ ಸತ್ಯ. ಎಲ್ಲ ಗಾಡಿಗೂ ಒಂದೇ ದಿನ ಒಂದೇ ನಿಯಮ ಜಾರಿಯಾದರೆ ಮಾತ್ರ ಆ ಖರ್ಚನ್ನು ಯಾರಾದರೂ ಹೊತ್ತಾರು. ಕಡ್ಡಾಯವಾಗಿರುವ ತರಬೇತಿಗಳಲ್ಲಿ ಪರದೆಯ ಮೇಲೆ ನಿಯಮ ಓದಿಸುವ ಬದಲು ಒಲೆ ಹಚ್ಚಿ ಇದನ್ನು ಮಾಡಿ ತೋರಿಸಬೇಕು.

ಕೊನೆಯದಾಗಿ, ಫಲಿತಾಂಶಗಳ ಪ್ರಕಟಣೆ. ‘ಇಷ್ಟರಲ್ಲಿ ಇಷ್ಟು ಅಸುರಕ್ಷಿತ’ ಎಂಬ ಒಟ್ಟು ಅಂಕಿಯಿಂದ ಜನರಿಗೆ ಭಯ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಪೊಟ್ಟಣದ ಆಹಾರವಾದರೆ ತಯಾರಕರು, ಬ್ಯಾಚ್ ಸಂಖ್ಯೆ, ಯಾವ ಅಂಶ, ಎಷ್ಟು ಪ್ರಮಾಣ, ಮಿತಿ ಎಷ್ಟು, ಯಾವ ಪ್ರಯೋಗಾಲಯ, ಮೇಲ್ಮನವಿಯ 30 ದಿನ ಮುಗಿದಿದೆಯೇ ಎಂಬುದನ್ನು ಬರೆದು ಹಾಕಿ. ಒಂದು ಬ್ಯಾಚಿನ ಭಾಗ ಅಸುರಕ್ಷಿತವಾದರೆ ಇಡೀ ಬ್ಯಾಚನ್ನೇ ಹಾಗೆ ಭಾವಿಸಬೇಕೆಂದು ಕಾಯ್ದೆಯೇ ಹೇಳುವಾಗ, ಅದೇ ಬ್ಯಾಚನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಅದು ತಿಳಿಯದಿರುವುದು ಅನ್ಯಾಯ. ಮೊಕದ್ದಮೆ ಹೂಡಲು ಕಾಯ್ದೆ ಕೊಟ್ಟಿರುವ ಅವಧಿ ಒಂದು ವರ್ಷ; ತಾವು ಲಿಖಿತ ಕಾರಣ ಕೊಟ್ಟು ಒಪ್ಪಿದರೆ ಮೂರು ವರ್ಷ. 2024ರ ಆ 107, 15 ಮತ್ತು 8 ಮಾದರಿಗಳಲ್ಲಿ ಎಷ್ಟಕ್ಕೆ ಪ್ರಕರಣ ಹೂಡಲಾಯಿತು, ಎಷ್ಟು ದಂಡ ನಿರ್ಧರಿಸುವ ಅಪರ ಜಿಲ್ಲಾಧಿಕಾರಿಗಳ ಮುಂದಿವೆ, ಎಷ್ಟು ನ್ಯಾಯಾಲಯದಲ್ಲಿವೆ, ಎಷ್ಟರ ಅವಧಿ ಮುಗಿದುಹೋಯಿತು, ಬಣ್ಣ ಪೂರೈಸಿದ ಎಷ್ಟು ಅಂಗಡಿಗಳಿಂದ ಮಾದರಿ ತೆಗೆಯಲಾಯಿತು ಎಂಬ ಐದು ಪ್ರಶ್ನೆಗಳಿಗೆ ತಮ್ಮ ಕಚೇರಿಯಿಂದ ಲಿಖಿತ ಉತ್ತರವನ್ನು, ಈ ಪತ್ರದಂತೆಯೇ ಬಹಿರಂಗವಾಗಿ, ನಿರೀಕ್ಷಿಸುತ್ತೇವೆ.

ಗೌರವ ವಂದನೆಗಳೊಂದಿಗೆ,

ಆಹಾರ ಪರೀಕ್ಷೆ ಮತ್ತು ಆಹಾರ ಕಾನೂನು ಬಲ್ಲ ಕೆಲವು ನಾಗರಿಕರು